ಬ್ರೇಕಿನ ಗಾಳಿ ತೆಗೆಯುವುದು ಯಾರಪ್ಪನ ಗುಟ್ಟೂ ಅಲ್ಲ

“ಎರಡು ಸಲ ಪಂಪ್ ಹೊಡಿ ಮಾರಾಯ, ಹಿಡಿಯುತ್ತೆ.”

ಹಳೇ ಓಮ್ನಿ ಇಟ್ಟುಕೊಂಡವರೆಲ್ಲ ಈ ಮಾತನ್ನು ಒಂದಲ್ಲ ಒಂದು ದಿನ ಕೇಳಿರುತ್ತಾರೆ, ಬೇರೆಯವರಿಗೆ ಹೇಳಿಯೂ ಇರುತ್ತಾರೆ. ನಾನೂ ಹೇಳಿದ್ದೇನೆ. ಬ್ರೇಕ್ ಪೆಡಲ್ ಮೊದಲ ಸಲ ಒತ್ತಿದರೆ ಕೆಳಗಿನವರೆಗೂ ಹೋಗುತ್ತದೆ. ಎರಡನೇ ಸಲ ಅರ್ಧಕ್ಕೆ ನಿಲ್ಲುತ್ತದೆ. ಮೂರನೇ ಸಲ ಗಾಡಿ ನಿಲ್ಲುತ್ತದೆ. ನಾವು ಅದಕ್ಕೆ ಒಗ್ಗಿಕೊಳ್ಳುತ್ತೇವೆ. “ನಮ್ಮ ಗಾಡಿ ಹಾಗೇ, ನಂಗೆ ಅಭ್ಯಾಸ ಆಗಿದೆ” ಅನ್ನುತ್ತೇವೆ. ಎದುರಿಗೆ ಓಡಿಬರುವ ಮಗುವಿಗೆ ನಮ್ಮ ಅಭ್ಯಾಸ ಗೊತ್ತಿರುವುದಿಲ್ಲ.

ನನ್ನ ವಾದ ಇಷ್ಟೇ. ಹಳೇ ವ್ಯಾನಿನ ಬ್ರೇಕ್ ಗಾಳಿ ತೆಗೆಯುವ ಕೆಲಸವನ್ನು ವ್ಯಾನ್ ಇರುವ ಪ್ರತಿ ಮನೆಯವರೂ ಕಲಿಯಬೇಕು. ಮೆಕ್ಯಾನಿಕ್‌ಗಳ ಅನ್ನ ಕಿತ್ತುಕೊಳ್ಳುವುದಕ್ಕಲ್ಲ, ದುಡ್ಡು ಉಳಿಸುವುದಕ್ಕೂ ಅಲ್ಲ. ನಮ್ಮ ಗಾಡಿಯ ಬ್ರೇಕ್ ಹೇಗಿದೆ ಎಂದು ನಮಗೇ ಗೊತ್ತಿರಬೇಕು ಎನ್ನುವುದಕ್ಕೆ.

ಯಾರೂ ನೋಡದ ಬ್ರೇಕ್

ಮಾರುತಿ ವ್ಯಾನ್ ರಸ್ತೆಗೆ ಬಂದದ್ದು 1984ರಲ್ಲಿ. ಆಮೇಲೆ ಅದೇ ಓಮ್ನಿ ಆಯಿತು. 2019ರಲ್ಲಿ ಕಂಪನಿ ಅದನ್ನು ತಯಾರಿಸುವುದನ್ನೇ ನಿಲ್ಲಿಸಿತು. ಅಂದರೆ ಇವತ್ತು ರಸ್ತೆಯಲ್ಲಿರುವ ಓಮ್ನಿಗಳಲ್ಲಿ ಹೊಸದು ಅನ್ನುವಂಥದ್ದೇ ಇಲ್ಲ. ಆದರೂ ನಮ್ಮ ಜಿಲ್ಲೆಯ ಊರುಗಳಲ್ಲಿ ಅದಕ್ಕೆ ಬಿಡುವಿಲ್ಲ. ಬೆಳಿಗ್ಗೆ ಶಾಲೆ ಮಕ್ಕಳು, ಮಧ್ಯಾಹ್ನ ಅಡಿಕೆ ಮೂಟೆ, ಸಂಜೆ ಶಾಮಿಯಾನದ ಕುರ್ಚಿ. ನಡುರಾತ್ರಿ ಯಾರಿಗಾದರೂ ಎದೆನೋವು ಬಂದರೆ ಮೆಗ್ಗಾನ್ ಆಸ್ಪತ್ರೆಗೆ ಓಡುವುದೂ ಅದರಲ್ಲೇ.

ಇಷ್ಟು ಜನರ ಜೀವ ಹೊತ್ತು ಓಡುವ ಗಾಡಿಯ ಬ್ರೇಕನ್ನು ಪರೀಕ್ಷೆ ಮಾಡುವವರು ಯಾರು? ಖಾಸಗಿ ಗಾಡಿಗೆ ಮೊದಲ ನೋಂದಣಿ 15 ವರ್ಷಕ್ಕೆ. ಅಲ್ಲಿಯವರೆಗೆ ಆರ್‌ಟಿಓ ಕಚೇರಿಗೆ ಹೋಗಿ ಬ್ರೇಕ್ ತೋರಿಸಬೇಕು ಎನ್ನುವ ನಿಯಮವಿಲ್ಲ. ಆಮೇಲೆ 5 ವರ್ಷಕ್ಕೊಮ್ಮೆ ನವೀಕರಣ. 2022ರ ಏಪ್ರಿಲ್‌ನಿಂದ 15 ವರ್ಷ ದಾಟಿದ ಕಾರಿನ ನವೀಕರಣ ಶುಲ್ಕವನ್ನು 600 ರೂಪಾಯಿಯಿಂದ 5,000 ರೂಪಾಯಿಗೆ ಏರಿಸಿದರು. ಹಳೇ ಗಾಡಿ ಗುಜರಿಗೆ ಹೋಗಲಿ ಎನ್ನುವುದು ಸರ್ಕಾರದ ಲೆಕ್ಕ. ಹೊಸ ಗಾಡಿಗೆ ದುಡ್ಡಿಲ್ಲದವನು ಗುಜರಿಗೆ ಹಾಕುವುದಿಲ್ಲ, ನವೀಕರಣ ಮಾಡಿಸದೆ ಒಳರಸ್ತೆಯಲ್ಲಿ ಓಡಿಸುತ್ತಾನೆ. ಅಲ್ಲಿಗೆ ಇದ್ದ ಒಂದು ಪರೀಕ್ಷೆಯೂ ತಪ್ಪಿತು.

ಹೊಗೆ ತಪಾಸಣೆಗೆ ಮಾತ್ರ ಆರು ತಿಂಗಳಿಗೋ ವರ್ಷಕ್ಕೋ ಚೀಟಿ ಬೇಕು. ಪೊಲೀಸರು ಕೇಳುವುದೂ ಅದನ್ನೇ. ಹಿಂದಿನಿಂದ ಹೋಗುವ ಹೊಗೆಗೆ ಸರ್ಟಿಫಿಕೇಟ್ ಇದೆ, ಮುಂದೆ ನಿಲ್ಲಬೇಕಾದ ಬ್ರೇಕಿಗೆ ಇಲ್ಲ! ಹಾಗಾಗಿ ಮನೆಯವರೇ ನೋಡಿಕೊಳ್ಳದೆ ಬೇರೆ ದಾರಿ ಇಲ್ಲ.

ಅದು ಆಯಿಲ್ ಅಲ್ಲ

ನಮ್ಮ ಮೊದಲ ತಪ್ಪು ಹೆಸರಿನಲ್ಲಿದೆ. ಭದ್ರಾವತಿಯಾಗಲಿ ಶಿವಮೊಗ್ಗವಾಗಲಿ, ಅಂಗಡಿಯಲ್ಲಿ ಎಲ್ಲರೂ ಕೇಳುವುದು ‘ಬ್ರೇಕ್ ಆಯಿಲ್’. ಆಯಿಲ್ ಅಂದಮೇಲೆ ಯಾವುದಾದರೇನು ಎಂದು ಇಂಜಿನ್ ಆಯಿಲನ್ನೇ ಸುರಿದವರಿದ್ದಾರೆ. ಬ್ರೇಕಿನ ದ್ರವ ಎಣ್ಣೆಯೇ ಅಲ್ಲ. ಇಂಜಿನ್ ಆಯಿಲ್ ತಾಗಿದರೆ ಬ್ರೇಕಿನೊಳಗಿನ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ಹಾಗೊಮ್ಮೆ ಆಗಿದ್ದರೆ ಗಾಳಿ ತೆಗೆದು ಪ್ರಯೋಜನವಿಲ್ಲ. ಎಲ್ಲ ರಬ್ಬರ್ ಬದಲಿಸಿ, ಪೈಪೆಲ್ಲ ತೊಳೆಯಬೇಕು.

ಆ ದ್ರವಕ್ಕೆ ಇನ್ನೊಂದು ಗುಣ ಇದೆ. ಗಾಳಿಯಲ್ಲಿರುವ ನೀರಿನ ಪಸೆಯನ್ನು ಅದು ಹೀರಿಕೊಳ್ಳುತ್ತದೆ. ಉಪ್ಪಿನ ಡಬ್ಬಿ ಮುಚ್ಚಳ ತೆಗೆದಿಟ್ಟರೆ ಮಳೆಗಾಲದಲ್ಲಿ ಏನಾಗುತ್ತದೆ ಎಂದು ಮಲೆನಾಡಿನವರಿಗೆ ಹೇಳಿಕೊಡಬೇಕಾಗಿಲ್ಲ. ಬ್ರೇಕಿನ ದ್ರವಕ್ಕೂ ಹಾಗೇ ಆಗುತ್ತದೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೆ. ಡಾಟ್ 3 ಎಂಬ ದರ್ಜೆಯ ಹೊಸ ದ್ರವ ಕಡಿಮೆ ಎಂದರೂ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ಅದರಲ್ಲಿ ಶೇ. 3.7ರಷ್ಟು ನೀರು ಸೇರಿದರೆ ಆ ಮಿತಿ 140 ಡಿಗ್ರಿಗೆ ಇಳಿಯುತ್ತದೆ.

140 ಡಿಗ್ರಿ ಬಹಳ ಆಯಿತಲ್ಲ ಅನ್ನಬೇಡಿ. ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವುಗಳನ್ನು ಏಳೆಂಟು ಜನರನ್ನು ತುಂಬಿಕೊಂಡು, ಗೇರ್ ಇಳಿಸದೆ, ಬ್ರೇಕ್ ಮೇಲೇ ಕಾಲಿಟ್ಟು ಇಳಿದು ನೋಡಿ. ಕೆಳಗೆ ಸೋಮೇಶ್ವರದಲ್ಲಿ ನಿಲ್ಲಿಸಿದಾಗ ಚಕ್ರದಿಂದ ಬರುವ ಸುಟ್ಟ ವಾಸನೆಯೇ ಹೇಳುತ್ತದೆ. ಆ ಕಾವಿನಲ್ಲಿ ಹಳೇ ದ್ರವದ ನೀರು ಕುದಿದು ಆವಿಯಾದರೆ, ಒತ್ತಿದ ಪೆಡಲ್ ಹಾಗೇ ಕೆಳಗೆ ಹೋಗುತ್ತದೆ. ಮಣಿಪಾಲದ ಆಸ್ಪತ್ರೆಗೆ ರೋಗಿಯನ್ನು ಕರೆದುಕೊಂಡು ಹೋಗುವ ದಾರಿ ಅದೇ ಎನ್ನುವುದು ನೆನಪಿರಲಿ.

ಗಾಳಿಯ ತೊಂದರೆ ಏನೆಂದು ಮನೆಯಲ್ಲೇ ನೋಡಬಹುದು. ಸೂಜಿ ಇಲ್ಲದ ಒಂದು ಸಿರಿಂಜಿನಲ್ಲಿ ನೀರು ತುಂಬಿ, ಬಾಯಿಯನ್ನು ಬೆರಳಿನಿಂದ ಮುಚ್ಚಿ ಒತ್ತಿ. ಜಗ್ಗುವುದಿಲ್ಲ. ಈಗ ನೀರು ಚೆಲ್ಲಿ ಗಾಳಿ ತುಂಬಿ ಒತ್ತಿ. ಸ್ಪ್ರಿಂಗಿನ ಹಾಗೆ ಒಳಗೆ ಹೋಗಿ ವಾಪಸ್ ಬರುತ್ತದೆ. ಬ್ರೇಕ್ ಪೈಪಿನಲ್ಲಿ ಗಾಳಿಯ ಗುಳ್ಳೆ ಇದ್ದರೆ ನಿಮ್ಮ ಕಾಲಿನ ಬಲವೆಲ್ಲ ಆ ಗುಳ್ಳೆಯನ್ನು ಕುಗ್ಗಿಸುವುದಕ್ಕೇ ಖರ್ಚಾಗುತ್ತದೆ, ಚಕ್ರಕ್ಕೆ ತಲುಪುವುದಿಲ್ಲ.

ಹಾಕಿದ್ದು ಎಲ್ಲಿ ಹೋಯಿತು?

ಒಂದು ಮಳೆಗಾಲದಲ್ಲಿ ನಮ್ಮ ಓಮ್ನಿಯ ಪೆಡಲ್ ಮೆತ್ತಗಾಯಿತು. ಒಂದು ಗ್ಯಾರೇಜಿಗೆ ಬಿಟ್ಟೆ. “ಆಯಿಲ್ ಕಮ್ಮಿ ಇತ್ತು ಸಾರ್, ಹಾಕಿದ್ದೀನಿ” ಅಂದರು. ಹತ್ತು ನಿಮಿಷದ ಕೆಲಸ. ಮೂರು ವಾರಕ್ಕೆ ಮತ್ತೆ ಅದೇ ಕಥೆ. ಮತ್ತೆ ಹಾಕಿದರು. ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಭದ್ರಾವತಿಯಿಂದ ವಾಪಸ್ ಬರುವಾಗ ಮಾಚೇನಹಳ್ಳಿ ಹತ್ತಿರ ಮುಂದಿದ್ದ ಆಟೋ ನಿಂತಿತು. ನನ್ನ ಪೆಡಲ್ ಹಲಗೆಗೆ ಹೋಗಿ ಕೂತಿತು. ಪಂಪ್ ಹೊಡೆದೆ, ಹ್ಯಾಂಡ್ ಬ್ರೇಕ್ ಎಳೆದೆ, ಗಾಡಿಯನ್ನು ರಸ್ತೆ ಪಕ್ಕದ ಮಣ್ಣಿಗಿಳಿಸಿದೆ. ಯಾರಿಗೂ ಏನೂ ಆಗಲಿಲ್ಲ. ಆಟೋದಲ್ಲಿ ಇಬ್ಬರು ಹೆಂಗಸರು, ಒಂದು ಕೂಸು ಇತ್ತು.

ಆಮೇಲೆ ಬೇರೆ ಮೆಕ್ಯಾನಿಕ್ ಒಬ್ಬರು ಹಿಂದಿನ ಎಡಚಕ್ರ ಬಿಚ್ಚಿದರು. ಡ್ರಮ್ಮಿನ ಒಳಗೆಲ್ಲ ಒದ್ದೆ. ವೀಲ್ ಸಿಲಿಂಡರ್ ಸೋರುತ್ತಿತ್ತು. ಎರಡು ಸಲ ಹಾಕಿದ್ದೆಲ್ಲ ಅಲ್ಲಿಗೆ ಹೋಗಿತ್ತು. ಅವರು ಕೇಳಿದ ಪ್ರಶ್ನೆ ನನ್ನ ಕಿವಿಯಲ್ಲಿ ಇನ್ನೂ ಇದೆ: “ಪೇಪರ್‌ನೋರು ನೀವು, ಊರಿಗೆಲ್ಲ ಪ್ರಶ್ನೆ ಕೇಳ್ತೀರಿ. ಹಾಕಿದ್ದು ಎಲ್ಲಿ ಹೋಯ್ತು ಅಂತ ಒಂದು ಮಾತು ಕೇಳೋಕೆ ಆಗಲಿಲ್ವಾ?”

ಇದೇ ಮುಖ್ಯ ಮಾತು. ಬ್ರೇಕಿನ ದ್ರವ ಪೆಟ್ರೋಲಿನ ಹಾಗೆ ಉರಿದು ಖಾಲಿಯಾಗುವುದಿಲ್ಲ. ಡಬ್ಬಿಯಲ್ಲಿ ಮಟ್ಟ ಇಳಿದಿದ್ದರೆ ಕಾರಣ ಎರಡೇ. ಒಂದೋ ಲೈನರ್, ಪ್ಯಾಡ್ ಸವೆದಿವೆ, ಆಗ ಮಟ್ಟ ತಿಂಗಳುಗಟ್ಟಲೆ ನಿಧಾನವಾಗಿ ಇಳಿಯುತ್ತದೆ. ಇಲ್ಲವೋ ಎಲ್ಲೋ ಸೋರುತ್ತಿದೆ. ಕಾರಣ ಹುಡುಕದೆ ಮೇಲಿಂದ ತುಂಬಿಸುವುದು ರಿಪೇರಿಯಲ್ಲ, ಮುಚ್ಚಿಡುವ ಕೆಲಸ.

ಆದರೆ ಗ್ಯಾರೇಜಿನವರನ್ನು ಮಾತ್ರ ಬೈದರೆ ಅನ್ಯಾಯವಾದೀತು. ನೂರು ರೂಪಾಯಿಗೆ, ಹತ್ತು ನಿಮಿಷದಲ್ಲಿ ಆಗಬೇಕು ಎಂದು ಎದುರಿಗೆ ನಿಂತು ವಾಚ್ ನೋಡುವವರು ನಾವು. ನಾಲ್ಕು ಚಕ್ರ ಬಿಚ್ಚಿ ನೋಡಲು ಅರ್ಧ ದಿನ ಬೇಕು, ಅದರ ಕೂಲಿ ಇಷ್ಟಾಗುತ್ತದೆ ಎಂದರೆ, “ಆಟೋ ಕಾಂಪ್ಲೆಕ್ಸ್‌ನಲ್ಲಿ ಇದಕ್ಕಿಂತ ಕಮ್ಮಿಗೆ ಮಾಡ್ತಾರೆ” ಅನ್ನುತ್ತೇವೆ. ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್‌ನವರಿಗೆ ಹೋಗಿ ಇನ್ನೊಂದು ಗ್ಯಾರೇಜಿನ ಹೆಸರು ಹೇಳುತ್ತೇವೆ. ಕೆಲಸ ಏನೆಂದೇ ಗೊತ್ತಿಲ್ಲದ ಗಿರಾಕಿ ಒಳ್ಳೆಯ ಕೆಲಸಕ್ಕೆ ದುಡ್ಡು ಕೊಡುವುದಿಲ್ಲ, ಕೆಟ್ಟ ಕೆಲಸವನ್ನು ಹಿಡಿಯಲೂ ಆಗುವುದಿಲ್ಲ.

ಮೊದಲು ಪೆಡಲ್ ಏನು ಹೇಳುತ್ತಿದೆ ಕೇಳಿ

ಎಲ್ಲ ಬ್ರೇಕ್ ತೊಂದರೆಗೂ ಗಾಳಿ ತೆಗೆಯುವುದೇ ಮದ್ದಲ್ಲ.

ಪೆಡಲ್ ಸ್ಪಂಜಿನ ಹಾಗೆ ಮೆತ್ತಗಿದ್ದರೆ ಗಾಳಿ ಇರಬಹುದು.

ಮೊದಲ ಸಲ ಬಹಳ ಕೆಳಗೆ ಹೋಗಿ, ಪಂಪ್ ಹೊಡೆದ ಮೇಲೆ ಕಲ್ಲಿನ ಹಾಗೆ ಗಟ್ಟಿಯಾದರೆ ಹಿಂದಿನ ಡ್ರಮ್ಮಿನ ಲೈನರ್ ಸವೆದು ಅಂತರ ಹೆಚ್ಚಾಗಿರಬಹುದು. ಅಲ್ಲಿ ಬೇಕಾದದ್ದು ಅಡ್ಜಸ್ಟ್‌ಮೆಂಟ್ ಅಥವಾ ಹೊಸ ಲೈನರ್.

ಒತ್ತಿ ಹಿಡಿದಾಗ ಪೆಡಲ್ ನಿಧಾನವಾಗಿ ಕೆಳಗೆ ಇಳಿಯುತ್ತಲೇ ಹೋದರೆ ಸೋರಿಕೆ ಇದೆ, ಇಲ್ಲವೇ ಮಾಸ್ಟರ್ ಸಿಲಿಂಡರ್ ಒಳಗಿನ ರಬ್ಬರ್ ಹೋಗಿದೆ. ಆ ಗಾಡಿಯನ್ನು ಓಡಿಸಬೇಡಿ. ಮೆಕ್ಯಾನಿಕ್ಕನ್ನೇ ಮನೆಗೆ ಕರೆಸಿ.

ಇಷ್ಟು ತಿಳಿದಿದ್ದರೆ “ಗಾಳಿ ಹೊಕ್ಕಿದೆ” ಎಂದು ಹೇಳಿ ಯಾರೂ ನಿಮ್ಮನ್ನು ಸಾಗಹಾಕಲಾರರು.

ಕೆಲಸ ಹೀಗೆ

ಬೇಕಾದದ್ದು ಸೀಲ್ ಒಡೆಯದ ಹೊಸ ದ್ರವ (ಡಬ್ಬಿಯ ಮುಚ್ಚಳದ ಮೇಲೋ ಗಾಡಿಯ ಪುಸ್ತಕದಲ್ಲೋ ಬರೆದಿರುವ ದರ್ಜೆಯದ್ದೇ), ನಿಪ್ಪಲ್‌ಗೆ ಸರಿಯಾಗಿ ಕೂರುವ ರಿಂಗ್ ಸ್ಪ್ಯಾನರ್, ಒಂದು ಮೊಳ ತೆಳುವಾದ ಪಾರದರ್ಶಕ ಪೈಪ್, ಒಂದು ಬಾಟಲಿ, ಇನ್ನೊಬ್ಬರ ಕಾಲು. ದ್ರವಕ್ಕೆ ಆಗುವ ಖರ್ಚು ಒಂದು ಸಲ ಟ್ಯಾಂಕ್ ತುಂಬಿಸುವ ಪೆಟ್ರೋಲಿಗಿಂತ ಬಹಳ ಕಡಿಮೆ. ಅರ್ಧ ಉಳಿದು ವರ್ಷದಿಂದ ಅಟ್ಟದ ಮೇಲಿರುವ ಬಾಟಲಿ ಬೇಡ, ಅದು ಆಗಲೇ ನೀರು ಕುಡಿದಿರುತ್ತದೆ.

ಗಾಡಿ ಸಮತಟ್ಟಾದ ಗಟ್ಟಿ ನೆಲದಲ್ಲಿರಲಿ. ಓಮ್ನಿಯಲ್ಲಿ ಇಂಜಿನ್ ತಿರುಗಿಸುವುದು ಹಿಂದಿನ ಚಕ್ರಗಳನ್ನು, ಹ್ಯಾಂಡ್ ಬ್ರೇಕ್ ಹಿಡಿಯುವುದೂ ಹಿಂದಿನ ಚಕ್ರಗಳನ್ನೇ. ಹಿಂಭಾಗ ಎತ್ತಿದರೆ ಗೇರನ್ನಾಗಲಿ ಹ್ಯಾಂಡ್ ಬ್ರೇಕನ್ನಾಗಲಿ ನಂಬುವಂತಿಲ್ಲ. ಮುಂದಿನ ಎರಡೂ ಚಕ್ರಕ್ಕೆ ಹಿಂದೆ ಮುಂದೆ ದಪ್ಪ ಮರದ ತುಂಡು ಕೊಡಿ. ಜಾಕಿ ಎತ್ತುವುದಕ್ಕೆ ಮಾತ್ರ, ನಿಲ್ಲಿಸುವುದಕ್ಕೆ ಸ್ಟ್ಯಾಂಡ್ ಬೇಕು. ಸ್ಟ್ಯಾಂಡ್ ಇಲ್ಲದಿದ್ದರೆ ಗಾಡಿಯ ಕೆಳಗೆ ತಲೆ ಹಾಕಬೇಡಿ. ಇಟ್ಟಿಗೆ, ಸಿಮೆಂಟ್ ಬ್ಲಾಕ್ ಇಟ್ಟು ಕೆಳಗೆ ಮಲಗುವುದು ಸಾಹಸ ಅಲ್ಲ, ಮೂರ್ಖತನ.

ಮಾಸ್ಟರ್ ಸಿಲಿಂಡರ್‌ಗೆ ಅತಿ ದೂರದ ಚಕ್ರದಿಂದ ಶುರು ಮಾಡುವುದು ವಾಡಿಕೆ. ಬಲಗಡೆ ಸ್ಟೇರಿಂಗ್ ಇರುವ ನಮ್ಮ ಗಾಡಿಗಳಲ್ಲಿ ಅದು ಹಿಂದಿನ ಎಡಚಕ್ರ. ಆಮೇಲೆ ಹಿಂದಿನ ಬಲ, ಮುಂದಿನ ಎಡ, ಕೊನೆಗೆ ಮುಂದಿನ ಬಲ. ನಿಮ್ಮ ಗಾಡಿಯ ಪುಸ್ತಕ ಬೇರೆ ಕ್ರಮ ಹೇಳಿದ್ದರೆ ಅದನ್ನೇ ಪಾಲಿಸಿ.

ಪೈಪಿನ ಒಂದು ತುದಿ ನಿಪ್ಪಲ್‌ಗೆ, ಇನ್ನೊಂದು ತುದಿ ಬಾಟಲಿಯಲ್ಲಿ ಸ್ವಲ್ಪ ಹೊಸ ದ್ರವದೊಳಗೆ ಮುಳುಗಿರಬೇಕು. ನಮ್ಮ ಮನೆಯಲ್ಲಿ ಪೆಡಲ್ ತುಳಿಯುವವಳು ಅಮ್ಮ. ಇಂಜಿನ್ ಆಫ್. ನಾನು “ಒತ್ತು” ಅನ್ನುತ್ತೇನೆ. ಅವಳು ನಿಧಾನವಾಗಿ ಒತ್ತಿ “ಹಿಡಿದಿದ್ದೀನಿ” ಅನ್ನುತ್ತಾಳೆ. ನಾನು ನಿಪ್ಪಲ್ ಕಾಲು ಸುತ್ತು ಸಡಿಲಿಸುತ್ತೇನೆ. ಗುಳ್ಳೆಯೂ ಕಪ್ಪು ದ್ರವವೂ ಹೊರಗೆ ಬರುತ್ತವೆ, ಪೆಡಲ್ ಕೆಳಗಿಳಿಯುತ್ತದೆ. ನಾನು ನಿಪ್ಪಲ್ ಬಿಗಿ ಮಾಡಿ “ಬಿಡು” ಅಂದ ಮೇಲೆಯೇ ಅವಳು ಕಾಲು ತೆಗೆಯುವುದು. ಈ ಕೆಲಸದ ಪ್ರಾಣ ಇರುವುದು ಇಲ್ಲಿ. ನಿಪ್ಪಲ್ ಬಿಗಿಯಾಗುವ ಮೊದಲೇ ಕಾಲು ತೆಗೆದರೆ ಗಾಳಿ ಮತ್ತೆ ಒಳಗೆ ಹೋಗುತ್ತದೆ. ಮೊದಲ ಸಲ ಅಮ್ಮ ಒಲೆ ಮೇಲಿನ ಹಾಲು ಉಕ್ಕಿತೆಂದು ಕಾಲು ತೆಗೆದು ಓಡಿದಳು, ಆ ಚಕ್ರಕ್ಕೆ ಮೊದಲಿನಿಂದ ಶುರು ಮಾಡಬೇಕಾಯಿತು.

ಪೆಡಲನ್ನು ತಳಕ್ಕೆ ಬಡಿಯುವಂತೆ ತುಳಿಯಬಾರದು. ಹಳೇ ಮಾಸ್ಟರ್ ಸಿಲಿಂಡರ್‌ನ ಕೊನೆಯ ಭಾಗದಲ್ಲಿ ತುಕ್ಕು ಕೂತಿರುತ್ತದೆ, ಎಂದೂ ಅಲ್ಲಿಗೆ ಹೋಗದ ರಬ್ಬರ್ ಅಲ್ಲಿ ತರಚಿ ಹರಿಯಬಹುದು. ಪೆಡಲ್ ಕೆಳಗೆ ಒಂದು ಮರದ ತುಂಡು ಇಟ್ಟರೆ ಸಾಕು. ಕೆಲಸ ಮುಗಿದ ಮೇಲೆ ತೆಗೆಯಲು ಮರೆಯಬೇಡಿ.

ನಾಲ್ಕೈದು ಸಲಕ್ಕೊಮ್ಮೆ ಮೇಲಿನ ಡಬ್ಬಿ ನೋಡಿ ತುಂಬಿಸುತ್ತಿರಿ. ಅದು ಖಾಲಿಯಾದರೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ. ಗುಳ್ಳೆ ನಿಂತು, ತಿಳಿಯಾದ ಹೊಸ ದ್ರವ ಬಂದರೆ ಆ ಚಕ್ರ ಮುಗಿಯಿತು. ತೆಗೆದ ದ್ರವವನ್ನು ಮತ್ತೆ ಹಾಕಬೇಡಿ, ಚರಂಡಿಗೂ ಗದ್ದೆ ಕಾಲುವೆಗೂ ಚೆಲ್ಲಬೇಡಿ. ಬಣ್ಣದ ಮೇಲೆ ಬಿದ್ದರೆ ಬಣ್ಣ ಏಳುತ್ತದೆ, ಕೂಡಲೇ ನೀರಿನಲ್ಲಿ ತೊಳೆಯಿರಿ. ಕಣ್ಣಿಗೆ ಸಿಡಿಯದಂತೆ ನೋಡಿಕೊಳ್ಳಿ.

ನಿಪ್ಪಲ್ ತುಕ್ಕು ಹಿಡಿದು ಬಿಗಿಯಾಗಿದ್ದರೆ ಬಲ ಹಾಕಬೇಡಿ. ಮುರಿದರೆ ಗಾಡಿ ಅಲ್ಲೇ ನಿಂತಿತು. ಹಟ ಬಿಟ್ಟು ಮೆಕ್ಯಾನಿಕ್ ಹತ್ತಿರ ಹೋಗಿ.

ಕೊನೆಗೆ ಇಂಜಿನ್ ಚಾಲೂ ಮಾಡಿ ಪೆಡಲನ್ನು ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಇಳಿಯಬಾರದು. ಎಲ್ಲ ನಿಪ್ಪಲ್ ಒಣಗಿವೆಯೇ ನೋಡಿ. ಆಮೇಲೆ ಅಂಗಳದಲ್ಲೇ ನಡಿಗೆಯ ವೇಗದಲ್ಲಿ ನಾಲ್ಕು ಸಲ ನಿಲ್ಲಿಸಿ ನೋಡಿ. ಅದು ಸರಿಯಾದ ಮೇಲೆ ರಸ್ತೆ.

“ಓದಿಕೊಂಡು ಮಾಡಿ ಯಾರಾದರೂ ಸತ್ತರೆ?”

ಈ ಪ್ರಶ್ನೆ ಬಂದೇ ಬರುತ್ತದೆ. ಬರಬೇಕಾದ ಪ್ರಶ್ನೆಯೇ. ಫೋನಿನಲ್ಲಿ ಎರಡು ನಿಮಿಷದ ವಿಡಿಯೋ ನೋಡಿ ಬ್ರೇಕ್ ಬಿಚ್ಚುವವರು ನನಗೂ ಹೆದರಿಕೆ ಹುಟ್ಟಿಸುತ್ತಾರೆ. ಅದಕ್ಕೇ ಗೆರೆ ಎಳೆಯುತ್ತೇನೆ. ಗಾಳಿ ತೆಗೆಯುವುದು, ದ್ರವ ಬದಲಿಸುವುದು, ಸೋರಿಕೆ ಇದೆಯೇ ನೋಡುವುದು ಮನೆಯ ಕೆಲಸ. ವೀಲ್ ಸಿಲಿಂಡರ್, ಮಾಸ್ಟರ್ ಸಿಲಿಂಡರ್, ಹೋಸ್ ಪೈಪ್ ಬಿಚ್ಚುವುದು ಕಸುಬಿನವರ ಕೆಲಸ. ಎಬಿಎಸ್ ಇರುವ ಹೊಸ ಗಾಡಿಯನ್ನು ಹೀಗೆ ಮುಟ್ಟಲೇಬೇಡಿ. ಮೊದಲ ಸಲ ಒಬ್ಬ ಮೆಕ್ಯಾನಿಕ್ಕನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡೇ ಮಾಡಿ. ಅವರ ಒಂದು ಗಂಟೆಗೆ ಕೂಲಿ ಕೊಡಿ, ಕಲಿಸಿದ್ದಕ್ಕೆ ಇನ್ನೂ ಸ್ವಲ್ಪ ಹೆಚ್ಚೇ ಕೊಡಿ.

ಆದರೆ “ಗೊತ್ತಿಲ್ಲದವರು ಮುಟ್ಟಬಾರದು” ಎನ್ನುವವರನ್ನು ನಾನೊಂದು ಕೇಳುತ್ತೇನೆ. ಗೊತ್ತಿಲ್ಲದವರು ಈಗ ಏನು ಮಾಡುತ್ತಿದ್ದಾರೆ? ಪಂಪ್ ಹೊಡೆದು ಓಡಿಸುತ್ತಿದ್ದಾರೆ. ಕಲಿತು ತಪ್ಪು ಮಾಡುವ ಅಪಾಯ ನಿಮಗೆ ಕಾಣುತ್ತದೆ, ಕಲಿಯದೆ ದಿನವೂ ನಡೆಯುತ್ತಿರುವ ಅಪಾಯ ಕಾಣುವುದಿಲ್ಲ.

ಇದು ಸ್ಪ್ಯಾನರ್ ಗೊತ್ತಿಲ್ಲದ ಊರೇನೂ ಅಲ್ಲ. ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆಯ ಕೆಲಸ ಶುರುವಾದದ್ದು 1918ರಲ್ಲಿ, ಕಬ್ಬಿಣ ಹರಿದದ್ದು 1923ರಲ್ಲಿ. ಆಮೇಲೆ ಕಾಗದದ ಕಾರ್ಖಾನೆ ಬಂತು. ಫಿಟ್ಟರ್, ಟರ್ನರ್, ವೆಲ್ಡರ್ ಇಲ್ಲದ ಬೀದಿ ಆ ಊರಲ್ಲಿ ಇರಲಿಲ್ಲ. ಕಾಗದದ ಕಾರ್ಖಾನೆ ನಿಂತಿತು. ವಿಐಎಸ್‌ಎಲ್ ಮುಚ್ಚುವ ಮಾತು 2023ರಲ್ಲಿ ಊರನ್ನೇ ಬೀದಿಗೆ ತಂದಿತು. ಆದರೆ ನಿವೃತ್ತರಾದ ಆ ಕೈಗಳು ಇನ್ನೂ ಮನೆಯಲ್ಲೇ ಇವೆ. ನಮ್ಮ ಐಟಿಐಗಳು ಮಳೆಗಾಲಕ್ಕೆ ಮೊದಲು ಒಂದು ಭಾನುವಾರ ಹಳೇ ವ್ಯಾನಿನವರನ್ನು ಕರೆದು, ಇಂಥ ಇಬ್ಬರು ಹಿರಿಯರನ್ನು ನಿಲ್ಲಿಸಿ, ಈ ಕೆಲಸ ಕಲಿಸಬಾರದೇಕೆ? ಪಂಚಾಯಿತಿಗಳು ಶಾಲೆ ಮಕ್ಕಳನ್ನು ಸಾಗಿಸುವ ವ್ಯಾನುಗಳಿಂದಲೇ ಶುರು ಮಾಡಬಾರದೇಕೆ?

ಗ್ಯಾರೇಜಿನವರಲ್ಲಿ ಕೇಳುವುದು ಒಂದೇ. ದ್ರವ ತುಂಬಿಸಿದಾಗ ಏಕೆ ಕಡಿಮೆಯಾಗಿತ್ತು ಎಂದು ಚೀಟಿಯಲ್ಲಿ ಒಂದು ಸಾಲು ಬರೆದುಕೊಡಿ. ನಾವು ಅದರ ಕೂಲಿಗೆ ಚೌಕಾಸಿ ಮಾಡುವುದಿಲ್ಲ.

ಇನ್ನು ನಮ್ಮ ಪಾಲು. ಇವತ್ತು ಸಂಜೆ ಗಾಡಿಯ ಬ್ರೇಕ್ ಡಬ್ಬಿ ಎಲ್ಲಿದೆ ಎಂದು ಹುಡುಕಿ. ಟಾರ್ಚ್ ಹಾಕಿ ನೋಡಿ. ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದ್ದರೆ ಅದರ ಆಯಸ್ಸು ಮುಗಿದಿದೆ. ತಿಳಿಯಾಗಿ ಕಂಡರೂ ನಂಬಬೇಡಿ, ಎರಡು ವರ್ಷಕ್ಕೊಮ್ಮೆ ಬದಲಿಸಿ. ಬದಲಿಸಿದ ತಾರೀಕನ್ನು ಡಬ್ಬಿಯ ಪಕ್ಕದಲ್ಲೇ ಪೇಂಟಿನಲ್ಲಿ ಬರೆಯಿರಿ. ನಾಲ್ಕು ಚಕ್ರದ ಒಳಬದಿ ಒದ್ದೆ ಇದೆಯೇ ನೋಡಿ.

ನಮ್ಮ ಓಮ್ನಿಯಲ್ಲಿ ಅಮ್ಮನೇ ಬರೆದ ತಾರೀಕು ಇದೆ. ಯಾರಾದರೂ “ಪಂಪ್ ಹೊಡಿ, ಹಿಡಿಯುತ್ತೆ” ಅಂದರೆ ಅವಳು ಈಗ ಆ ಗಾಡಿ ಹತ್ತುವುದಿಲ್ಲ. ನೀವೂ ಹತ್ತಬೇಡಿ.